ಕಿಟಕಿ ಅಕ್ಕ ಕಿಟಕಿಯನ್ನೇ ಮನೆಗೆ ತಂದದ್ದು

ಬಸ್ ನಿಲ್ದಾಣಕ್ಕೆ ಬಂದು ಹೋಗುವವರಿಗೆಲ್ಲ ಅವಳು ಕಿಟಕಿ ಅಕ್ಕ. ಟಿಕೆಟ್ ಕೋಣೆಯಲ್ಲಿ ಮೂರು ಕಿಟಕಿಗಳಿದ್ದವು, ಮೂರರಲ್ಲೂ ಜನ ಕೂತಿರುತ್ತಿದ್ದರು, ಆದರೂ ಈ ಹೆಸರು ಅಂಟಿಕೊಂಡದ್ದು ಅವಳೊಬ್ಬಳಿಗೇ. ಉಳಿದಿಬ್ಬರು ಟಿಕೆಟ್ ಹರಿದು ಕೊಟ್ಟು ಕೈತೊಳೆದುಕೊಳ್ಳುವವರು. ಇವಳು ಹಾಗಲ್ಲ. ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಕುಡಿಯುವ ನೀರಿನ ನಲ್ಲಿ ಎಲ್ಲಿದೆ, ಮಂಡಿನೋವಿನವರಿಗೆ ಮೆಟ್ಟಿಲು ತಗ್ಗಾಗಿರುವ ಬಸ್ಸು ಯಾವುದು ಎಂದು ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡುವವಳು. ಹಾಗಾಗಿ ಪಕ್ಕದ ಕಿಟಕಿ ಖಾಲಿ ಹೊಡೆಯುತ್ತಿದ್ದರೂ ಅವಳ ಮುಂದೆ ಸಾಲು ಹನುಮಂತನ ಬಾಲ.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅಪ್ಪ. ಅಮ್ಮ ತೀರಿಕೊಂಡು ಬಹಳ ಕಾಲವಾಗಿತ್ತು. ಅಪ್ಪ ಬಡಗಿ. ಬೀದಿಯ ಅರ್ಧ ಬಾಗಿಲುಗಳು ಅವನ ಕೈಯವೇ. ಒಂದು ಬೆಳಿಗ್ಗೆ ಬಾಗಿಲ ಚೌಕಟ್ಟಿಗೆ ತೂತು ಕೊರೆಯುತ್ತಿದ್ದಾಗ ಉಳಿ ಕೈಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವನು ಮೇಲೇಳಲಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಹೇಳಿದ ಮಾತು ಕೇಳುತ್ತಿರಲಿಲ್ಲ, ಬಾಯಿ ಎಡಕ್ಕೆ ಎಳೆದಿತ್ತು, ಮಾತು ಬಿಸಿ ತುತ್ತನ್ನು ಬಾಯಲ್ಲಿಟ್ಟುಕೊಂಡು ಆಡಿದಂತೆ ಹೊರಳುತ್ತಿತ್ತು. ಆ ಮಾತು ಅರ್ಥವಾಗುತ್ತಿದ್ದದ್ದು ಮಗಳಿಗೆ ಮಾತ್ರ. ನೆರೆಹೊರೆಯವರು ನೋಡಲು ಬಂದರೆ, ಅವನು ಏನೇ ಹೇಳಲಿ, “ಹೌದು ಹೌದು” ಎಂದು ತಲೆಯಾಡಿಸುವರು. “ಗಂಟೆ ಎಷ್ಟು ಅಂತ ಕೇಳಿದ್ರೆ ಹೌದು ಹೌದು ಅಂತಾನೆ, ದಡ್ಡ ಶಿಖಾಮಣಿ” ಎಂದು ಅಪ್ಪ ಅವರು ಹೋದಮೇಲೆ ಸಿಡುಕುವನು. ಅದನ್ನೂ ತಿಳಿದುಕೊಂಡು ನಗುವವಳು ಮಗಳೊಬ್ಬಳೇ. ಬಂದ ಎರಡು ಸಂಬಂಧಗಳು ಅಪ್ಪನ ಮಂಚವನ್ನು ನೋಡಿ ಹಿಂದಕ್ಕೆ ಹೋದವು. ಅವಳು ಅದಕ್ಕಾಗಿ ತಲೆ ಕೆಡಿಸಿಕೊಂಡಂತೆ ಕಾಣಲಿಲ್ಲ. ಕೆಡಿಸಿಕೊಂಡಿದ್ದರೂ ತೋರಿಸಿಕೊಳ್ಳುವ ಪೈಕಿಯವಳಲ್ಲ.

ಅವಳ ಕಿಟಕಿಗೆ ಹಾಕಿದ್ದದ್ದು ಗಾಜಲ್ಲ, ಗಾಜಿನಂತೆ ಕಾಣುವ ದಪ್ಪ ಪ್ಲಾಸ್ಟಿಕ್ ಹಲಗೆ. ಮಾತಿಗೆ ಮಧ್ಯದಲ್ಲಿ ಪುಟ್ಟ ತೂತುಗಳು, ಟಿಕೆಟ್ಟಿಗೆ ಕೆಳಗೊಂದು ಸಂದು. ಹೊಸದಾಗಿ ಹಾಕಿದಾಗ ಅದು ಇದೆಯೆಂದೇ ತಿಳಿಯದೆ ಯಾರೋ ಅವಸರದವರು ಹಣೆ ಜಪ್ಪಿಸಿಕೊಂಡಿದ್ದರಂತೆ. ಆಮೇಲೆ ವರ್ಷಗಟ್ಟಲೆ ನಾಣ್ಯದಿಂದ ಟಕಟಕ ಬಡಿದವರು ಎಷ್ಟೋ ಜನ, ಉಂಗುರದ ಬೆರಳು ಆನಿಸಿ ನಿಂತವರು ಎಷ್ಟೋ ಜನ. ಅದರ ಮೇಲೆ, ಕಸ ಗುಡಿಸುವ ಅಜ್ಜಿ ದಿನಾ ಬೆಳಿಗ್ಗೆ ಪ್ರೀತಿಯಿಂದ ಒಣಬಟ್ಟೆ ಹಾಕಿ ಉಜ್ಜುತ್ತಿದ್ದಳು. ಧೂಳೆಂದರೆ ಸಣ್ಣ ಕಲ್ಲೇ ತಾನೆ? ಅಜ್ಜಿಯ ಪ್ರೀತಿಯೂ ಗೀರಾಗಿ ಕೂತಿತು. ಕೊನೆಗೆ ಹಲಗೆ ಮಂಜು ಕವಿದಂತಾಗಿ, ಆಚೆಯವರಿಗೆ ಕಿಟಕಿ ಅಕ್ಕ ಒಂದು ಬಣ್ಣದ ಆಕಾರ ಮತ್ತು ಒಂದು ದನಿ, ಅಷ್ಟೇ ಆದಳು.

ದನಿ ಕೇಳುವವರಿಗೆ ಅದರಿಂದ ತೊಂದರೆಯಿರಲಿಲ್ಲ. ತೊಂದರೆಯಾದದ್ದು ಹೊಲಿಗೆ ಯಂತ್ರ ರಿಪೇರಿ ಮಾಡುವವನೊಬ್ಬನಿಗೆ.

ಅವನು ವಾರಕ್ಕೆರಡು ಮೂರು ಸಲ ತಗಡಿನ ಪೆಟ್ಟಿಗೆ ಹಿಡಿದು ಬರುತ್ತಿದ್ದ. ಇವತ್ತು ಈ ಊರು, ನಾಳೆ ಆ ಊರು. ದರ್ಜಿಗಳು ಕರೆದಲ್ಲಿಗೆ ಹೋಗಿ, ಯಂತ್ರದ ಮೈಮೇಲೆ ಅಂಗೈಯಿಟ್ಟು, ಅದರ ನಡುಕದಿಂದಲೇ ಎಲ್ಲಿ ಸವೆದಿದೆ ಎಂದು ತಿಳಿಯುತ್ತಿದ್ದ. ಎಂಟನೆಯ ವಯಸ್ಸಿನಲ್ಲಿ ಬಂದ ಜ್ವರ ಅವನ ಕಿವಿಯನ್ನು ಕೊಂಡೊಯ್ದಿತ್ತು. ಮಾತು ಉಳಿದಿತ್ತು, ಆದರೆ ತನ್ನ ದನಿ ತನಗೇ ಕೇಳದ ಕಾರಣ ಅದು ಎಷ್ಟು ಏರಿದೆ ಎಷ್ಟು ಇಳಿದಿದೆ ಎಂಬ ಅಂದಾಜಿರಲಿಲ್ಲ.

“ಮೇಡಂ, ನಂಗೆ ಕಿವಿ ಕೇಳಲ್ಲ. ಬಾಯಿ ನೋಡಿ ತಿಳ್ಕೋತೀನಿ. ಸ್ವಲ್ಪ ನಿಧಾನ,” ಎಂದು ಮೊದಲ ದಿನವೇ ಇಡೀ ನಿಲ್ದಾಣಕ್ಕೆ ಕೇಳುವಂತೆ ಹೇಳಿದ್ದ.

ಅವಳು ನಿಧಾನವಾಗಿಯೇ ಹೇಳುತ್ತಿದ್ದಳು. ಆದರೆ ನಿಧಾನವೊಂದೇ ಸಾಲದು. ಒಂದು ದಿನ ಅವನು ಯಾವ ಪ್ಲಾಟ್‌ಫಾರ್ಮ್ ಎಂದು ಕೇಳಿದ. ಅವಳು “ಮೂರು” ಎಂದಳು. ‘ಮೂರು’ ಎನ್ನಲು ಮೊದಲು ತುಟಿ ಮುಚ್ಚಬೇಕು, ‘ಆರು’ ಎನ್ನಲು ಬಾಯಿ ತೆರೆಯಬೇಕು. ಕಣ್ಣಿಗೆ ನಿಚ್ಚಳವಾಗಿ ಕಂಡರೆ ಎರಡಕ್ಕೂ ಅಜಗಜಾಂತರ. ಮಂಜಿನಾಚೆ ನೋಡಿದರೆ ಎರಡೂ ಒಂದೇ. ಅವನು ಆರಕ್ಕೆ ಹೋಗಿ, ನಿಂತಿದ್ದ ಬಸ್ಸು ಹತ್ತಿ, ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋದ.

ಮರುದಿನ ಬಂದವನ ಮುಖದಲ್ಲಿ ಸಿಟ್ಟಿರಲಿಲ್ಲ.

“ನಿನ್ನೆ ನೀವು ನನ್ನನ್ನ ಸಮುದ್ರ ನೋಡೋಕೆ ಕಳಿಸಿದ್ರಿ,” ಎಂದ.

“ಅಯ್ಯೋ! ಏನಂದ್ರಿ?”

“ಕಡೇ ಸ್ಟಾಪ್ ತನಕ ಹೋದೆ. ಸಮುದ್ರ ಇತ್ತು. ನೋಡಿ ಬಹಳ ವರ್ಷ ಆಗಿತ್ತು. ಚೆನ್ನಾಗಿತ್ತು.”

ಸಾಲಿನಲ್ಲಿದ್ದವರು ಗೊಳ್ಳೆಂದರು. ಅವಳಿಗೆ ನಗು ಬರಲಿಲ್ಲ. ಆ ದಿನ ಅವನಿಗಾಗಿ ಕಾದು ಕೂತಿದ್ದ ದರ್ಜಿ ಬೇರೆಯವನನ್ನು ಕರೆಸಿಕೊಂಡನೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಅವನು ಹೇಳಿದ್ದಲ್ಲ, ಕಂಡಕ್ಟರ್ ಹೇಳಿದ್ದು.

ಅಂದಿನಿಂದ ಅವಳು ಬೆರಳುಗಳನ್ನು ಹಲಗೆಗೆ ಆನಿಸಿ ಎಷ್ಟೆಂದು ತೋರಿಸತೊಡಗಿದಳು. ಪ್ಲಾಟ್‌ಫಾರ್ಮ್ ತಪ್ಪುವುದು ನಿಂತಿತು. ಆದರೆ ಅವನಿಗೆ ಪ್ಲಾಟ್‌ಫಾರ್ಮ್ ಒಂದೇ ಸಾಕಾಗುತ್ತಿರಲಿಲ್ಲವೇನೋ. ಹಿಂದಿನವರಿಗೆ ಅವಳು ಏನೋ ಹೇಳಿ ನಗಿಸಿದರೆ ಅದೇನೆಂದು ತಿಳಿಯುವ ಆಸೆ. ಹಾಗಾಗಿ ನಡು ಬಗ್ಗಿಸಿ, ಟಿಕೆಟ್ಟಿನ ಸಂದಿನ ಮಟ್ಟಕ್ಕೆ ತಲೆ ತಗ್ಗಿಸಿ, ಬಾವಿಯೊಳಗೆ ಬಿದ್ದ ಕೊಡವನ್ನು ಹುಡುಕುವವನಂತೆ ಅಲ್ಲಿಂದ ಅವಳ ಬಾಯಿ ನೋಡಲು ಯತ್ನಿಸುವನು. ಹಿಂದಿದ್ದ ಒಬ್ಬ ಅವನನ್ನು ಅಣಕಿಸಿ ತಾನೂ ಬಗ್ಗಿದ. ಸಾಲು ನಕ್ಕಿತು. ಬಗ್ಗಿದ್ದವನಿಗೆ ನಗು ಕೇಳಲಿಲ್ಲ, ಅವಳಿಗೆ ಕೇಳಿತು. ಆ ಸಂಜೆ ಮನೆಗೆ ಹೋದಮೇಲೂ ಕೇಳುತ್ತಲೇ ಇತ್ತು.

ಅಪ್ಪನಿಗೆ ಊಟ ಬಡಿಸುತ್ತ ಹೇಳಿಕೊಂಡಳು.

“ಗಾಜು ಬದಲಾಯಿಸಿ ಅಂತ ಮೇಲಿನೋರಿಗೆ ಹೇಳು.”

“ಹೇಳಿ ಹೇಳಿ ಬಾಯಿ ಒಣಗಿದೆ ಅಪ್ಪಾ. ಬರುತ್ತೆ ಬರುತ್ತೆ ಅಂತಾರೆ.”

ಅಪ್ಪ ಬಾಯಲ್ಲಿದ್ದದ್ದನ್ನು ನುಂಗಿದ. “ಗೀರು ಅಂದ್ರೆ ಗೀರೇ. ಮರದ್ದಾದ್ರೇನು, ಪ್ಲಾಸ್ಟಿಕ್ಕಿಂದಾದ್ರೇನು. ಅಡುಗೆಮನೆಯಿಂದ ಒಂದು ಡಬ್ಬಿ ತಗೊಂಡು ಬಾ.”

ಸಕ್ಕರೆ ಡಬ್ಬಿಯ ಮುಚ್ಚಳ ಬಂತು. ಒಂದು ಕಾಲದಲ್ಲಿ ಪಾರದರ್ಶಕವಾಗಿದ್ದದ್ದು, ಈಗ ನಾರು ಹಾಕಿ ತಿಕ್ಕಿ ತಿಕ್ಕಿ ಬೆಳ್ಳಗಾಗಿದ್ದದ್ದು. ಅಪ್ಪ ಅದನ್ನು ಎಡಗೈಯಲ್ಲಿ ಹಿಡಿದು ಉಗುರಿನಿಂದ ಸವರಿದ. ಉಗುರು ಎಲ್ಲೂ ತಡೆಯಲಿಲ್ಲ. “ಮೇಲುಮೇಲಿನ ಗೀರು. ಹಲ್ಲುಜ್ಜೋ ಪೇಸ್ಟು ಸಾಕು,” ಎಂದ. ಸೋಪು ನೀರಲ್ಲಿ ತೊಳೆದು, ಹಳೆಯ ಬನಿಯನ್ ತುಂಡಿಗೆ ಬಿಳಿ ಪೇಸ್ಟು ಮೆತ್ತಿ, ಅವಳು ಸುತ್ತು ಸುತ್ತಾಗಿ ತಿಕ್ಕಿದಳು. ತೊಳೆದು ಡಬ್ಬಿಗೆ ಮುಚ್ಚಿ ನೋಡಿದರೆ ಒಳಗಿದ್ದ ಚಮಚದ ಹಿಡಿ ಕಂಡಿತು. ಅವಳು ಆ ಮುಚ್ಚಳವನ್ನು ಕಣ್ಣಿಗೆ ಹಿಡಿದು ಅಪ್ಪನನ್ನು ನೋಡಿದಳು. ಅಪ್ಪ ನಾಲಗೆ ಚಾಚಿ ಅಣಕಿಸಿದ. ಕಾಯಿಲೆ ಬಿದ್ದಮೇಲೆ ಅವನು ಆಟವಾಡಿದ್ದು ಅದೇ ಮೊದಲು.

ಅಲ್ಲಿಂದ ಮನೆಯಲ್ಲಿ ಪ್ಲಾಸ್ಟಿಕ್ಕಿಗೆ ನೆಮ್ಮದಿಯಿಲ್ಲದಾಯಿತು. ಗಡಿಯಾರದ ಮುಖ, ರೇಡಿಯೋದ ಮುಳ್ಳಿನ ಮೇಲಿನ ಪಟ್ಟಿ, ಅವಳ ಹಳೆಯ ಅಳತೆಪಟ್ಟಿ, ಕೈಗೆ ಸಿಕ್ಕಿದ್ದೆಲ್ಲ ಊಟದ ಮೇಜಿಗೆ ಬಂತು. ಎಡವಟ್ಟೂ ಆಯಿತು. ಬೇಗ ಸ್ವಚ್ಛವಾಗಲಿ ಎಂದು ಅವಳು ಒಂದು ಡಬ್ಬಿಯನ್ನು ಸ್ಪಿರಿಟ್ ಹಾಕಿ ಒರೆಸಿದಳು. ಕಣ್ಣೆದುರೇ ಅದರ ಮೈತುಂಬ ಜೇಡನ ಬಲೆಯಂಥ ಸೀಳುಗಳೆದ್ದವು. ಅದನ್ನು ಎಸೆಯಬೇಕಾಯಿತು. ಇನ್ನೊಂದನ್ನು ಸಿಟ್ಟಿನಿಂದ ಒಂದೇ ಜಾಗದಲ್ಲಿ ತಿಕ್ಕಿ ಬಿಸಿ ಮಾಡಿ, ಅಲ್ಲಿ ಬೊಕ್ಕೆ ಬಂದಂತೆ ಉಬ್ಬಿಸಿಬಿಟ್ಟಳು.

“ಅವಸರ ಯಾಕೆ?” ಅಪ್ಪ ಕೇಳಿದ. “ಒಂದೇ ಕಡೆ ತಿಕ್ಕಿದ್ರೆ ಅಲ್ಲಿ ಗುಂಡಿ ಬೀಳುತ್ತೆ. ಗುಂಡಿ ಬಿದ್ರೆ ನೋಡಿದೋರ ಮುಖ ಸೊಟ್ಟಗೆ ಕಾಣುತ್ತೆ, ನನ್ನ ಹಾಗೆ.”

“ನಿನ್ನ ಮುಖಕ್ಕೇನಾಗಿದೆ? ಮುಂಚೆಗಿಂತ ಚೆನ್ನಾಗಿದೆ.”

“ಹೌದು ಹೌದು,” ಎಂದ ಅಪ್ಪ, ನೆರೆಮನೆಯವನ ಧಾಟಿಯಲ್ಲಿ.

ಕೈ ಪಳಗಿದಮೇಲೆ ಅವಳು ಮೇಲ್ವಿಚಾರಕರ ಬಳಿ ಹೋದಳು. ವಾರದ ರಜೆಯ ದಿನ ಅವಳ ಕಿಟಕಿ ಹೇಗೂ ಮುಚ್ಚಿರುತ್ತದೆ. ಹಿಂದಿನ ಸಂಜೆ ಬಿಚ್ಚಿಕೊಂಡು ಹೋಗಿ, ರಜೆ ಮುಗಿಯುವಷ್ಟರಲ್ಲಿ ತಂದು ಹಾಕುತ್ತೇನೆ ಎಂದಳು. ಮೇಲ್ವಿಚಾರಕರು ಕನ್ನಡಕವನ್ನು ಹಣೆಗೇರಿಸಿದರು.

“ಮನೆಗೆ ತಗೊಂಡು ಹೋಗ್ತೀಯಾ? ಕಿಟಕೀನಾ? ಹಾಳಾದ್ರೆ?”

“ಹಾಳಾಗೋಕೆ ಇನ್ನೇನು ಬಾಕಿ ಇದೆ ಸಾರ್?”

ಅವರು ಹಲಗೆಯತ್ತ ಒಮ್ಮೆ ನೋಡಿದರು. ತಾವೇ ಎದ್ದು ಬಂದು, ಅವಳು ಸ್ಕ್ರೂ ಬಿಚ್ಚುವಾಗ ಹಲಗೆಯನ್ನು ಹಿಡಿದುಕೊಂಡು ನಿಂತರು.

ಹಳೆಯ ಹೊದಿಕೆಯಲ್ಲಿ ಸುತ್ತಿದ ಹಲಗೆಯನ್ನು ಅವಳು ಬಸ್ಸಿನಲ್ಲೇ ತಂದಳು. “ಇಷ್ಟು ದಿನ ಅಕ್ಕ ಕಿಟಕಿ ಹತ್ರ ಇರ್ತಿದ್ರು, ಇವತ್ತು ಕಿಟಕೀನೇ ಅಕ್ಕನ ಹತ್ರ ಹೋಗ್ತಿದೆ,” ಎಂದು ಕಂಡಕ್ಟರ್ ಎಲ್ಲರಿಗೂ ಕೇಳುವಂತೆ ಸಾರಿದ. ಅದಕ್ಕೂ ಒಂದು ಸೀಟು ಬಿಟ್ಟುಕೊಟ್ಟರು.

ಬೆಳಿಗ್ಗೆ ಮೇಜಿನ ಮೇಲೆ ಹೊದಿಕೆ ಹಾಸಿ ಹಲಗೆ ಮಲಗಿಸಿದರು. ಬಕೆಟ್ಟುಗಟ್ಟಲೆ ಸೋಪು ನೀರಿನಲ್ಲಿ ತೊಳೆದರು. ಒಂದು ಕಣ ಧೂಳು ಉಳಿದರೂ ಹೊಸ ಗೀರಿಗೆ ಅದೇ ದಾರಿ. ಈ ಸಲ ಉಗುರು ನೂರು ಕಡೆ ತಡೆಯಿತು. ನಾಣ್ಯದ ಪೆಟ್ಟುಗಳು ಆಳವಾಗಿದ್ದವು. ಪೇಸ್ಟಿನಿಂದ ಏನೂ ಆಗದು. ಅಪ್ಪ ತನ್ನ ಪೆಟ್ಟಿಗೆಯಿಂದ ನೀರಿನಲ್ಲಿ ಅದ್ದಿ ಉಜ್ಜುವ, ಮರಳಿನಂತೆ ತರಿತರಿಯಾದ ಉಪ್ಪುಕಾಗದ ತೆಗೆಸಿದ. ಅವನ ಬಳಿ ಇಲ್ಲದ ತೀರ ನಯವಾದವುಗಳನ್ನೂ ಪಾಲಿಶನ್ನೂ ಅವಳು ಕಾರಿಗೆ ಬಣ್ಣ ಹೊಡೆಯುವ ಅಂಗಡಿಯಿಂದ ತಂದಿಟ್ಟಿದ್ದಳು.

ಅಪ್ಪನ ಎಡಗೈಯಲ್ಲಿ ಮರದ ತುಂಡಿಗೆ ಸುತ್ತಿದ ಕಾಗದ, ಅವಳ ಬಲಗೈಯಲ್ಲಿ ಇನ್ನೊಂದು. ಆ ತುದಿಯಿಂದ ಅವನು, ಈ ತುದಿಯಿಂದ ಅವಳು. ಮೊದಲು ಉದ್ದಕ್ಕೆ. ಆ ಕಾಗದದ ಗೆರೆಗಳು ಮಾಯವಾಗುವ ತನಕ ಇನ್ನೂ ನಯವಾದದ್ದರಿಂದ ಅಡ್ಡಕ್ಕೆ. ಬಟ್ಟಲಿನ ನೀರು ಹಾಲಿನಂತಾಯಿತು. ಮಧ್ಯಾಹ್ನದ ಹೊತ್ತಿಗೆ ತೊಳೆದು ನೋಡಿದಳು. ಮೊದಲು ಮಂಜಿನ ಹಾಗಿದ್ದದ್ದು ಈಗ ಸುಣ್ಣ ಬಳಿದ ಹಾಗಾಗಿತ್ತು. ಆಚೆ ಕೈಯಿಟ್ಟರೂ ಕಾಣದು.

“ಅಪ್ಪಾ, ಕೆಡಿಸಿಬಿಟ್ವಿ. ನಾಳೆ ಯಾವ ಮುಖ ಇಟ್ಕೊಂಡು ಹೋಗ್ಲಿ?”

ಅಪ್ಪ ಹಲಗೆಯ ಮೇಲೆ ಎಡಗೈಯ ಬೆರಳುಗಳನ್ನು ಹರಿಯಬಿಟ್ಟ. ಕಣ್ಣು ಮುಚ್ಚಿದ್ದ. ಅವನ ಮುಖದಲ್ಲಿ ಆಗ ಇದ್ದದ್ದು ಬಡಗಿಯ ಮುಖ, ರೋಗಿಯದಲ್ಲ. “ಎಲ್ಲಾ ಕಡೆ ಒಂದೇ ಥರ ಬೆಳ್ಳಗಿದೆಯಾ, ಅದು ನೋಡು.”

“ಒಂದೇ ಥರ ಇದೆ.”

“ಹಂಗಾದ್ರೆ ಗೆದ್ವಿ. ಊಟ ಹಾಕು.”

ಊಟವಾದಮೇಲೆ ಇನ್ನೂ ನಯವಾದ ಕಾಗದ, ಆಮೇಲೆ ಬಟ್ಟೆಯಂಥ ಕಾಗದ, ಆಮೇಲೆ ಪಾಲಿಶ್ ಮತ್ತು ಬನಿಯನ್. ಒತ್ತಬಾರದು, ಬಿಸಿಯಾಗಬಾರದು, ನಿಲ್ಲಿಸಬಾರದು. ಸುಣ್ಣ ಮಂಜಾಯಿತು, ಮಂಜು ಹೊಗೆಯಾಯಿತು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಹಲಗೆಯನ್ನು ನಿಲ್ಲಿಸಿ ಹಿಡಿದಳು. ಆಚೆ ಅಪ್ಪ ಕೂತಿದ್ದ. ಅವನ ಗಡ್ಡದ ಒಂದೊಂದು ಬಿಳಿಕೂದಲೂ ಕಾಣುತ್ತಿತ್ತು. ಅವನ ಬಲಗೈ, ಮಾತು ಕೇಳದ ಕೈ, ಯಾವಾಗಲೋ ಮೇಜಿನ ಮೇಲೆ ಬಂದು ಬನಿಯನ್ ತುಂಡನ್ನು ಅಲ್ಲಾಡದಂತೆ ಒತ್ತಿಹಿಡಿದಿತ್ತು. ಅವನಿಗದು ಗೊತ್ತಿರಲಿಲ್ಲ. ಅವಳೂ ಹೇಳಲಿಲ್ಲ, ಹೇಳಿದರೆ ಎಲ್ಲಿ ಜಾರಿಬಿಡುತ್ತದೋ ಎಂದು.

ಹಲಗೆ ಮತ್ತೆ ಕಿಟಕಿಗೇರಿತು. ಬೆನ್ನ ಹಿಂದಿದ್ದ ದೀಪ ತನ್ನ ಮುಖವನ್ನು ಕತ್ತಲು ಮಾಡುತ್ತದೆಂದು ಕಂಡು, ಅವಳು ಅದನ್ನು ಪಕ್ಕಕ್ಕೆ ತಂದು ಮುಖದ ಮೇಲೆ ಬೀಳುವಂತೆ ತಿರುಗಿಸಿಟ್ಟಳು. ಗುಡಿಸುವ ಅಜ್ಜಿಗೆ ಒದ್ದೆಯ ಮೆತ್ತನೆ ಬಟ್ಟೆ ಕೊಟ್ಟು, “ಅಜ್ಜಿ, ಇನ್ಮೇಲೆ ಇದಕ್ಕೆ ಸ್ನಾನ ಮಾಡಿಸಿ, ಸುಮ್ನೆ ಉಜ್ಜಬೇಡಿ,” ಎಂದಳು. ಪ್ರಯಾಣಿಕರಿಗೆ ಬದಲಾದದ್ದು ಏನೆಂದೇ ಹೊಳೆಯಲಿಲ್ಲ. ಒಬ್ಬ ಹೆಂಗಸು ಮಾತ್ರ ಕಣ್ಣರಳಿಸಿ, “ಅಕ್ಕ, ಬೆಳ್ಳಗಾಗಿದ್ದೀರಿ! ಏನು ಹಚ್ಕೋತೀರಿ?” ಎಂದು ಕೇಳಿದಳು.

“ಉಪ್ಪುಕಾಗದ,” ಎಂದಳು ಕಿಟಕಿ ಅಕ್ಕ.

ರಿಪೇರಿಯವನು ಅಂದು ಬರಲಿಲ್ಲ. ಮರುದಿನವೂ ಇಲ್ಲ. ಅದರ ಮರುದಿನ ಪೆಟ್ಟಿಗೆ ಹಿಡಿದು ಸಾಲಿನಲ್ಲಿ ಕಾಣಿಸಿಕೊಂಡ. ಸರದಿ ಬಂದಾಗ ಅಭ್ಯಾಸಬಲದಿಂದ ನೇರ ಬಗ್ಗಿ ಸಂದಿಗೆ ಮುಖವಿಟ್ಟ. ಅವಳು ಕೌಂಟರಿನ ಮರವನ್ನು ಒಳಗಿನಿಂದ ಮೆಲ್ಲಗೆ ಬಡಿದಳು. ಅವನ ಅಂಗೈ ಅದರ ಮೇಲಿತ್ತು. ನಡುಕ ತಿಳಿದು ಅವನು ನೆಟ್ಟಗಾದ.

“ಮೇಲೆ ನೋಡಿ,” ಎಂದಳು.

ಅವನು ನೋಡಿದ. ಮತ್ತೆ ನೋಡಿದ. ಪೆಟ್ಟಿಗೆ ಕೆಳಗಿಟ್ಟ.

“ನೀವು ಮಾತಾಡುವಾಗ ನಗ್ತೀರಾ!” ಎಂದು ಕೂಗಿದ. ಇಡೀ ನಿಲ್ದಾಣ ತಿರುಗಿತು. “ಇಷ್ಟು ದಿನ ಸಿಡುಕಿನೋರು ಅಂದ್ಕೊಂಡಿದ್ದೆ!”

ಕಿವಿ ಕೇಳುವವರೆಲ್ಲ ಅವಳ ಕೆನ್ನೆ ಕೆಂಪಾದದ್ದನ್ನು ನೋಡಿದರು. ಹಲಗೆ ಅಷ್ಟು ತಿಳಿಯಾಗಿತ್ತು.

ಆಮೇಲಿನದು ಬಹಳ ನಿಧಾನವಾಗಿ ನಡೆಯಿತು. ಅವನು ಪ್ರಯಾಣವಿಲ್ಲದ ದಿನವೂ ನಿಲ್ದಾಣಕ್ಕೆ ಬಂದು, ಜನರಿಲ್ಲದ ಹೊತ್ತು ನೋಡಿ, ಕಿಟಕಿಯ ಮುಂದೆ ನಿಲ್ಲತೊಡಗಿದ. ಅವಳು ದನಿಯೆತ್ತದೆ ತುಟಿಯಾಡಿಸಿದರೂ ಸಾಕು, ಅವನಿಗೆ ತಿಳಿಯುತ್ತಿತ್ತು. ಹಾಗಾಗಿ ಅಷ್ಟು ಜನರ ನಡುವೆ ಅವಳ ಮಾತು ಅವನೊಬ್ಬನಿಗೇ ಸಲ್ಲುತ್ತಿತ್ತು. ಅವನ ಉತ್ತರ ಮಾತ್ರ ಎಲ್ಲರಿಗೂ ಕೇಳುತ್ತಿತ್ತು. ಅವಳು ಏನು ಕೇಳಿದ್ದಳೆಂದು ಪಕ್ಕದ ಕಿಟಕಿಯವರು ಊಹಿಸಿ ಊಹಿಸಿ ಸೋತರು.

ಹಲಗೆ ತಿಳಿಯಾದ ಕಥೆ ಕೇಳಿ ಅವನು ಅಪ್ಪನನ್ನು ನೋಡಬೇಕೆಂದ. ಮನೆಗೆ ಬಂದ. ಅಲ್ಲೊಂದು ಫಜೀತಿಯಾಯಿತು. ಅಪ್ಪನ ಎಳೆದ ಬಾಯಿಯನ್ನು ಅವನು ಓದಲಾರ, ಅವನ ಏರಿಳಿತವಿಲ್ಲದ ಮಾತು ಅಪ್ಪನಿಗೆ ಹಿಡಿಯದು. ನಡುವೆ ಕೂತು ಇವನದನ್ನು ಅವನಿಗೆ, ಅವನದನ್ನು ಇವನಿಗೆ ದಾಟಿಸಿ ಅವಳ ನಾಲಗೆ ಬಿದ್ದುಹೋಯಿತು. ಕೊನೆಗೆ ಅಪ್ಪ ಬೇಸತ್ತು ಉಳಿಯೊಂದನ್ನು ಅವನ ಕೈಗೆ ಕೊಟ್ಟ. ಅವನು ಅದರ ಅಂಚನ್ನು ಹೆಬ್ಬೆರಳಿಗೆ ತಾಗಿಸಿ, ತನ್ನ ಪೆಟ್ಟಿಗೆ ತೆರೆದು ಎಣ್ಣೆಕಲ್ಲು ತೆಗೆದು, ಸಾಣೆ ಹಿಡಿಯಲು ಕೂತ. ಅಪ್ಪ ಕುರ್ಚಿಯನ್ನು ಎಳೆದುಕೊಂಡು ಪಕ್ಕಕ್ಕೆ ಬಂದ. ಅವಳು ಕಾಫಿ ಮಾಡಿ ತಂದರೆ ಇಬ್ಬರೂ ತಲೆಯೆತ್ತಿ ನೋಡಲಿಲ್ಲ.

ಇಬ್ಬರಿಗೂ ಮದುವೆಯ ಮಾತಾಗಿದೆಯೆಂಬ ಸುದ್ದಿ ತಿಳಿದು ಸೋದರತ್ತೆ ಓಡಿ ಬಂದಳು. “ಅಣ್ಣಾ, ಕಿವಿ ಕೇಳದೋನಿಗೆ ಹೆಣ್ಣು ಕೊಡ್ತೀಯಾ? ನಾಳೆ ಇವಳು ಕಷ್ಟಸುಖ ಯಾರ ಹತ್ರ ಹೇಳ್ಕೋಬೇಕು?”

ಅಪ್ಪ ಏನೋ ಹೇಳಿದ. ಅತ್ತೆಗೆ ತಿಳಿಯಲಿಲ್ಲ. “ಏನಂತೆ?” ಎಂದು ಅಣ್ಣನ ಮಗಳನ್ನು ಕೇಳಿದಳು.

“ಕಿವಿ ಇರೋ ನಿನ್ನ ಗಂಡ ನಿನ್ನ ಮಾತು ಯಾವತ್ತು ಕೇಳಿದಾನೆ ಅಂತ ಕೇಳ್ತಿದಾನೆ ಅತ್ತೆ.”

ಅತ್ತೆ ಸೆರಗು ಬಾಯಿಗೆ ಹಿಡಿದು ನಕ್ಕಳು. ಮದುವೆಯ ದಿನ ಎಲ್ಲರಿಗಿಂತ ಮುಂದೆ ಓಡಾಡಿದವಳೂ ಅವಳೇ.

ಮದುವೆಯಾದಮೇಲೆ ಅವನು ಇವರ ಮನೆಗೇ ಬಂದ. ಎಲ್ಲ ಮನೆಗಳಂತೆ ಅಲ್ಲೂ ಜಗಳವಾಗುತ್ತಿತ್ತು. ಸಿಟ್ಟು ಬಂದರೆ ಅವಳು ಮುಖ ತಿರುಗಿಸಿ ಮಾತಾಡುವಳು. ಅವನಿಗೆ ಅದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಅವನಿಗೆ ಸಿಟ್ಟು ಬಂದರೆ ಕಣ್ಣು ಮುಚ್ಚಿಕೊಂಡು ಕೂರುವನು. ಇನ್ನು ಅವಳು ಏನು ಹೇಳಿದರೂ ಗೋಡೆಗೆ ಹೇಳಿದಂತೆ. ಆಗ ಅವಳು ಅವನ ಮುಂದೆ ಕೂತು ಕಾಯುವಳು. ಕಣ್ಣು ಎಷ್ಟು ಹೊತ್ತು ಮುಚ್ಚಿರಲು ಸಾಧ್ಯ? ಒಂದು ಕಣ್ಣು ಅರ್ಧ ತೆರೆಯುತ್ತಲೇ “ಊಟಕ್ಕೇಳಿ” ಎನ್ನುವಳು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ರಜೆಯ ದಿನ ಮೇಜಿನ ಸುತ್ತ ಮೂವರೂ. ಬೀದಿಯವರು ಗೀರು ಬಿದ್ದದ್ದನ್ನೆಲ್ಲ ತಂದುಕೊಡುತ್ತಿದ್ದರು, ಮೀನಿನ ತೊಟ್ಟಿ, ಕೈಗಡಿಯಾರ, ಸ್ಕೂಟರಿನ ದೀಪದ ಮುಖ. ಹೆಲ್ಮೆಟ್ಟಿನ ಮುಂಗಾಜು ತಂದವರಿಗೆ ಮಾತ್ರ, “ಇದರ ಮೇಲೆ ಒಂದು ಪದರ ಇರುತ್ತೆ, ತಿಕ್ಕಿದ್ರೆ ಎದ್ದು ಹೋಗುತ್ತೆ. ಹೊಸದು ಹಾಕಿಸ್ಕೊಳ್ಳಿ, ಕಣ್ಣಿಗಿಂತ ಹೆಚ್ಚಾ?” ಎಂದು ಹೇಳಿ ಕಳಿಸುತ್ತಿದ್ದಳು.

ಹಾಗೆ ಎದುರೆದುರು ಕೂತು ಕೂತು, ಯಾವಾಗಲೋ ಅಳಿಯನಿಗೆ ಮಾವನ ಎಳೆದ ಬಾಯಿ ಓದಲು ಬಂತು. ಅದು ಎಷ್ಟು ದೊಡ್ಡದೆಂದು ಅವಳಿಗೆ ತಿಳಿದದ್ದು ಅಪ್ಪನ ಕೊನೆಯ ವರ್ಷದಲ್ಲಿ. ಅವನಿಗೆ ಎರಡನೇ ಸಲ ಲಕ್ವ ಹೊಡೆಯಿತು. ಈ ಸಲ ದನಿಯೇ ಹೋಯಿತು. ಉಳಿದದ್ದು ತುಟಿಯ ಅಲುಗಾಟ ಮಾತ್ರ. ಅಪ್ಪನ ಮಾತನ್ನು ಜಗತ್ತಿಗೆಲ್ಲ ದಾಟಿಸುತ್ತಿದ್ದ ಮಗಳು ಮಂಚದ ಬಳಿ ಕಿವಿಯಿಟ್ಟು ಕೂತು, ಏನೂ ಕೇಳದೆ ಅತ್ತಳು. ಗಂಡ ಅವಳ ಭುಜ ಹಿಡಿದು ಪಕ್ಕಕ್ಕೆ ಸರಿಸಿ, ದೀಪವನ್ನು ಹತ್ತಿರ ಎಳೆದುಕೊಂಡು, ಮಾವನ ಮುಖವನ್ನೇ ನೋಡಿದ.

“ಫ್ಯಾನು ಕಡಿಮೆ ಮಾಡು ಅಂತಿದಾರೆ,” ಎಂದ ಗಟ್ಟಿಯಾಗಿ. “ಮತ್ತೆ, ಇವಳು ಯಾಕೆ ಅಳ್ತಾಳೆ, ದಡ್ಡಿ ಅಂತಿದಾರೆ.”

ಆ ವರ್ಷವೆಲ್ಲ ಅಪ್ಪನ ಮಾತು ಅವಳಿಗೆ ಬಂದದ್ದು ಗಂಡನ ಆ ಒರಟು ದನಿಯಲ್ಲೇ. ಬೈಗುಳ, ತಮಾಷೆ, ಹಸಿವು, ಎಲ್ಲ. ಅಪ್ಪ ತೀರಿಕೊಂಡದ್ದು ಒಂದು ಮಧ್ಯಾಹ್ನ. ಆಗ ಅವಳು ನಿಲ್ದಾಣದಲ್ಲಿದ್ದಳು, ಗಂಡ ಮಂಚದ ಪಕ್ಕದಲ್ಲಿದ್ದ. ಕೆಲವು ವಾರಗಳಾದಮೇಲೆ, ಕೇಳುವ ಧೈರ್ಯ ಬಂದಾಗ, ಮೇಜಿನ ಬಳಿ ಅವನ ಎದುರು ಕೂತು ಕೇಳಿದಳು.

“ಕಡೇಲಿ ಏನಾದ್ರೂ ಹೇಳಿದ್ನಾ?”

“ಕಾಲಿಗೆ ಚಳಿ ಅಂದ್ರು. ಹೊದಿಸಿದೆ. ಆಮೇಲೆ ಸಾಕು ಅಂದ್ರು.”

“ಹೊದಿಕೆ ಸಾಕು ಅಂತಾನಾ?”

ಅವನು ಯೋಚಿಸಿದ. “ನಾನೂ ಅದನ್ನೇ ಕೇಳಿದೆ. ನಕ್ಕರು.”

ಅವಳು ಆ ನಗುವನ್ನು ಕಣ್ಣಮುಂದೆ ತಂದುಕೊಳ್ಳಬಲ್ಲವಳಾಗಿದ್ದಳು, ಎಡಕ್ಕೆ ಎಳೆದ ಬಾಯಿಯ ಸಮೇತ. ಎದ್ದು ಇಬ್ಬರಿಗೂ ಕಾಫಿಗೆ ನೀರಿಟ್ಟಳು.